ಅಂಧ ಚೆಸ್ ಆಟಗಾರರ ಗಡಿಯಾರ: ಮಾಡಬೇಕಾದ್ದು, ಮಾಡಬಾರದ್ದು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಚೆಸ್ ಟೂರ್ನಮೆಂಟ್ ನಡೆಸುವವರು, ತೀರ್ಪು ಕೊಡುವ ಆರ್ಬಿಟರ್‌ಗಳು, ಶಾಲೆಯ ಮೇಷ್ಟ್ರುಗಳು, ಮಕ್ಕಳ ತಂದೆತಾಯಿ ಮತ್ತು ಆಟಗಾರರ ಗಮನಕ್ಕೆ. ಬರೆದದ್ದು ಮಂಡ್ಯದ ಗುತ್ತಲಿನಿಂದ.

ಕಣ್ಣು ಕಾಣದ ಮಗುವೊಂದು ಚೆಸ್ ಆಡುತ್ತೇನೆಂದು ಬಂದರೆ ನಾವೆಲ್ಲ ಮೊದಲು ಹುಡುಕುವುದು ಬೋರ್ಡು. ಪ್ರತಿ ಮನೆಗೂ ತೂತಿರುವ, ಕಪ್ಪು ಮನೆಗಳು ಕೊಂಚ ಉಬ್ಬಿರುವ, ಕಾಯಿಗಳ ಬುಡದಲ್ಲಿ ಮೊಳೆಯಿರುವ ಬೋರ್ಡನ್ನು ಹೇಗೋ ತರಿಸುತ್ತೇವೆ. ಗಡಿಯಾರದ ಮಾತು ಬಂದಾಗ ಮಾತ್ರ "ಪಕ್ಕದಲ್ಲಿ ಯಾರಾದರೂ ಕೂತು ಟೈಮ್ ಹೇಳ್ತಾರೆ ಬಿಡಿ" ಎಂದು ಮುಗಿಸಿಬಿಡುತ್ತೇವೆ. ಅನ್ಯಾಯ ಶುರುವಾಗುವುದು ಅಲ್ಲಿಂದಲೇ. ಕಣ್ಣಿರುವ ಆಟಗಾರ ಒಂದು ನೋಟದಲ್ಲಿ ತಿಳಿದುಕೊಳ್ಳುವುದನ್ನು ಈ ಮಗು ಬಾಯಿಬಿಟ್ಟು ಕೇಳಬೇಕು. ಕೇಳಿದ ಕೂಡಲೇ "ಇವನಿಗೆ ಟೈಮಿನ ಭಯ ಹತ್ತಿದೆ" ಎಂದು ಎದುರಾಳಿಗೂ ಗೊತ್ತಾಗುತ್ತದೆ. ಕೇಳಲು ಸಂಕೋಚಪಟ್ಟರೆ ಗೆಲ್ಲುವ ಆಟವೂ ಟೈಮಿನಲ್ಲಿ ಹೋಗುತ್ತದೆ.

ಆದ್ದರಿಂದ ಮೊದಲ ನಿಯಮ ಇದು, ಮುಂದಿನವೆಲ್ಲ ಇದರಿಂದಲೇ ಹುಟ್ಟಿದವು: ಅಂಧ ಆಟಗಾರ ತನ್ನ ಸಮಯವನ್ನೂ ಎದುರಾಳಿಯ ಸಮಯವನ್ನೂ ಬೇಕೆಂದಾಗ, ಯಾರ ಹಂಗೂ ಇಲ್ಲದೆ, ಎದುರಾಳಿಗೆ ಸುಳಿವು ಸಿಗದ ಹಾಗೆ ತಿಳಿದುಕೊಳ್ಳುವಂತಿರಬೇಕು.

ಇದು ಯಾರೋ ಕರುಣೆಯಿಂದ ಕೊಡುವ ಸೌಲಭ್ಯವಲ್ಲ. ಅಂಧರ ಚೆಸ್ ಒಲಿಂಪಿಯಾಡ್ 1961ರಲ್ಲಿ ಜರ್ಮನಿಯ ಮೆಶೆಡೆಯಲ್ಲಿ ಶುರುವಾಯಿತು, 2012ರಲ್ಲಿ ಚೆನ್ನೈಯಲ್ಲೇ ನಡೆಯಿತು. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ದೃಷ್ಟಿದೋಷವಿರುವವರ ಬಿ2–ಬಿ3 ವಿಭಾಗದ ರ‍್ಯಾಪಿಡ್ ಚೆಸ್‌ನಲ್ಲಿ ಚಿನ್ನ ಗೆದ್ದರು. ರ‍್ಯಾಪಿಡ್ ಎಂದರೆ ಗಡಿಯಾರದ ಜೊತೆಗಿನ ಓಟ. ಸಮಯ ಕೈಯಲ್ಲಿಲ್ಲದವರು ಅದನ್ನು ಗೆಲ್ಲಲಾರರು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮಾವಳಿಯಲ್ಲಿ ಅಂಧ ಆಟಗಾರರಿಗೆಂದೇ ಒಂದು ಅನುಬಂಧವಿದೆ. ನಮ್ಮ ದೇಶದ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 30ನೇ ಸೆಕ್ಷನ್ ಕ್ರೀಡೆಯಲ್ಲಿ ಅಂಗವಿಕಲರು ಸರಿಯಾಗಿ ಭಾಗವಹಿಸುವಂತೆ ಮಾಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಕೆಳಗೆ ಬರೆದಿರುವುದನ್ನು ಈ ಎರಡನ್ನೂ ಮುಂದಿಟ್ಟುಕೊಂಡೇ ಓದಿ.

ಒಂದು: ಗಡಿಯಾರ ಆರಿಸುವಾಗ

ಮಾಡಬೇಕಾದ್ದು

• ಮಾತಾಡುವ ಚೆಸ್ ಗಡಿಯಾರ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಉಳಿದ ಸಮಯ ಮತ್ತು ಎಷ್ಟನೇ ನಡೆ ಎಂಬುದನ್ನು ಹೇಳುವ ಇಂಥ ಗಡಿಯಾರವನ್ನು ಫಿಡೆ ನಿಯಮ ಸ್ಪಷ್ಟವಾಗಿ ಒಪ್ಪುತ್ತದೆ. ಅದರಲ್ಲಿ ಇಯರ್‌ಫೋನ್ ಸಿಕ್ಕಿಸುವ ಜಾಗ ಇರಲೇಬೇಕು.

• ಕೊಳ್ಳುವ ಮುಂಚೆ ನಾಲ್ಕು ವಿಷಯ ಪರೀಕ್ಷಿಸಿ. ಒಂದು ಗುಂಡಿ ಒತ್ತಿದರೆ ತನ್ನ ಸಮಯ, ಇನ್ನೊಂದು ಒತ್ತಿದರೆ ಎದುರಾಳಿಯದು ಕೇಳುತ್ತದೆಯೇ? ಯಾರ ಗಡಿಯಾರ ಓಡುತ್ತಿದೆ ಎಂಬುದು ಬೆರಳಿಗೇ ತಿಳಿಯುತ್ತದೆಯೇ? ಸಮಯ ಸೆಟ್ ಮಾಡುವ ಕೆಲಸವನ್ನೂ ದನಿ ಕೇಳಿಕೊಂಡೇ ಮಾಡಬಹುದೇ? ಐದು ನಿಮಿಷ, ಒಂದು ನಿಮಿಷ ಉಳಿದಾಗ ಅದು ತಾನಾಗಿ ಎಚ್ಚರಿಸುತ್ತದೆಯೇ, ಬೇಡವೆಂದರೆ ಆ ಎಚ್ಚರಿಕೆಯನ್ನು ನಿಲ್ಲಿಸಬಹುದೇ?

• ಸಾಮಾನ್ಯ ಡಿಜಿಟಲ್ ಗಡಿಯಾರವೇ ಗತಿಯಾದರೆ, ಒತ್ತಿದಾಗ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವ ಲಿವರ್ ಇರುವುದನ್ನೇ ಆರಿಸಿ. ಸರದಿ ಯಾರದು ಎಂಬುದಾದರೂ ಕೈಗೆ ತಿಳಿಯುತ್ತದೆ. ಉಳಿದ ಸಮಯ ತಿಳಿಯುವುದಕ್ಕೆ ಬೇರೆ ಏರ್ಪಾಡು ಬೇಕೇ ಬೇಕು, ಅದನ್ನು ಮರೆಯಬೇಡಿ.

• ಅಲ್ಪದೃಷ್ಟಿ ಇರುವವರಿಗೆ ಅಂಕಿ ದಪ್ಪವಾಗಿರುವ, ಅಂಕಿಗೂ ಹಿನ್ನೆಲೆಗೂ ಬಣ್ಣದಲ್ಲಿ ಒಳ್ಳೆಯ ಅಂತರವಿರುವ ಗಡಿಯಾರ ಕೊಡಿ. ಅವರು ಕೂರುವ ಕುರ್ಚಿಯಲ್ಲೇ ಕೂರಿಸಿ, ಹಾಲ್‌ನ ದೀಪ ಹಾಕಿಸಿ, ಅಂಕಿ ಕಾಣುತ್ತದೆಯೇ ಎಂದು ಅವರನ್ನೇ ಕೇಳಿ.

ಮಾಡಬಾರದ್ದು

• "ಕಣ್ಣು ಮುಚ್ಚಿಕೊಂಡು ನೋಡಿದೆ, ಚೆನ್ನಾಗಿದೆ" ಎಂದು ಕಣ್ಣಿರುವವರು ತೀರ್ಮಾನ ಕೊಡಬೇಡಿ. ಬ್ರೈಲ್ ಓದುವ ಬೆರಳು, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕೇಳಿ ಪಳಗಿದ ಕಿವಿ ಬೇರೆ. ಕೊನೆಯ ಮಾತು ಬಳಸುವವರದು.

• ಮುಟ್ಟಿದರೆ ಸಾಕು ಎನ್ನುವ, ಗುಂಡಿಯೇ ಇಲ್ಲದ ನುಣುಪು ಗಡಿಯಾರ ತರಬೇಡಿ. ಕೈ ತಡವಿದ ಮಾತ್ರಕ್ಕೇ ಅದು ಸರದಿ ಬದಲಿಸಿಬಿಡುತ್ತದೆ.

• ಮಾತಾಡುವ ಕೈಗಡಿಯಾರವನ್ನು ಚೆಸ್ ಗಡಿಯಾರದ ಬದಲು ಕೊಡಬೇಡಿ. ಅದು ಈಗ ಗಂಟೆ ಎಷ್ಟು ಎಂದು ಹೇಳುತ್ತದೆಯೇ ಹೊರತು ಇಬ್ಬರ ಲೆಕ್ಕವನ್ನು ಬೇರೆಬೇರೆಯಾಗಿ ಇಡುವುದಿಲ್ಲ.

ಎರಡು: ಮುಳ್ಳಿನ ಗಡಿಯಾರ ಸಜ್ಜು ಮಾಡುವಾಗ

ಮಾತಾಡುವ ಗಡಿಯಾರ ಬರುವವರೆಗೆ ಕಾಯುತ್ತಾ ಕೂರಬೇಕಾಗಿಲ್ಲ. ಎಷ್ಟೋ ಶಾಲೆಗಳ ಬೀರುವಿನಲ್ಲಿ ಕೀಲಿ ಕೊಡುವ ಹಳೆಯ ಎರಡು ಮುಖದ ಚೆಸ್ ಗಡಿಯಾರ ಧೂಳು ತಿನ್ನುತ್ತಿರುತ್ತದೆ. ಫಿಡೆ ನಿಯಮ ಅದಕ್ಕೂ ದಾರಿ ಕೊಟ್ಟಿದೆ: ಮುಳ್ಳು ಗಟ್ಟಿಯಾಗಿರಬೇಕು, ಪ್ರತಿ ಐದು ನಿಮಿಷಕ್ಕೆ ಒಂದು ಉಬ್ಬು ಚುಕ್ಕಿ, ಪ್ರತಿ 15 ನಿಮಿಷಕ್ಕೆ ಎರಡು ಚುಕ್ಕಿ ಇರಬೇಕು, ಸಮಯ ಮುಗಿದಾಗ ಬೀಳುವ ಫ್ಲ್ಯಾಗ್ ಬೆರಳಿಗೆ ಸುಲಭವಾಗಿ ಸಿಗಬೇಕು.

ಮಾಡಬೇಕಾದ್ದು

• ಮುಂದಿನ ಗಾಜನ್ನು ಪೂರ್ತಿ ತೆಗೆಯಿರಿ. 12, 3, 6, 9ರ ಜಾಗದಲ್ಲಿ ಎರಡೆರಡು ಚುಕ್ಕಿ, ಉಳಿದ ಎಂಟು ಜಾಗದಲ್ಲಿ ಒಂದೊಂದು. ಒಂದು ಮುಖಕ್ಕೆ ಒಟ್ಟು 16 ಚುಕ್ಕಿ. ಬಟ್ಟೆಯ ಮೇಲೆ ಚಿತ್ರ ಬಿಡಿಸುವ ಉಬ್ಬು ಬಣ್ಣ ಇದಕ್ಕೆ ಸಾಕು. ರಾತ್ರಿಯಿಡೀ ಒಣಗಲು ಬಿಡಿ.

• ಚುಕ್ಕಿಗಳನ್ನು ನಿಮಿಷದ ಮುಳ್ಳಿನ ತುದಿ ತಿರುಗುವ ಗೆರೆಯ ಹೊರಗೆ, ಅಂಚಿನಲ್ಲಿ ಹಾಕಿ. ಬೆರಳು ಅಂಚಿನಿಂದ ಒಳಕ್ಕೆ ಸರಿದು ಮೊದಲು ಚುಕ್ಕಿಯನ್ನೂ ಆಮೇಲೆ ಮುಳ್ಳಿನ ತುದಿಯನ್ನೂ ಸವರಬೇಕು.

• ಸಮಯ ಯಾವಾಗಲೂ ನಿಮಿಷದ ಮುಳ್ಳು 12ರಲ್ಲಿ ನಿಂತಾಗ ಮುಗಿಯುವಂತೆ ಸೆಟ್ ಮಾಡಿ. 60 ನಿಮಿಷದ ಆಟಕ್ಕೆ ಐದು ಗಂಟೆಗೆ, 30 ನಿಮಿಷದ್ದಕ್ಕೆ ಐದೂವರೆಗೆ ಇಟ್ಟರೆ ಆರು ಗಂಟೆಗೆ ಫ್ಲ್ಯಾಗ್ ಬೀಳುತ್ತದೆ. ಹಾಗೆ ಮಾಡಿದರೆ 11ರ ಒಂಟಿ ಚುಕ್ಕಿ ದಾಟಿತೆಂದರೆ ಐದು ನಿಮಿಷವೂ ಉಳಿದಿಲ್ಲ ಎಂಬುದು ಬೆರಳಿಗೆ ರೂಢಿಯಾಗುತ್ತದೆ.

• ಕೊನೆಯ ಐದು ನಿಮಿಷದಲ್ಲಿ ಫ್ಲ್ಯಾಗ್ ಅಡ್ಡ ಬಂದು ಮುಳ್ಳು ಕೈಗೆ ಸಿಗದಂತಾಗುತ್ತದೆಯೇ ನೋಡಿ. ಆಟಗಾರನಿಗೆ ಮುಳ್ಳು ತುಂಬ ಬೇಕಾಗುವುದು ಆ ಹೊತ್ತಿನಲ್ಲೇ. ನಿಯಮ ಕೂಡ ಅದನ್ನೇ ಒತ್ತಿ ಹೇಳುತ್ತದೆ.

• ಗಟ್ಟಿಯಾಗಲೆಂದು ಮುಳ್ಳು ದಪ್ಪ ಮಾಡಿದ ಮೇಲೆ ಎರಡೂ ಮುಖಗಳನ್ನು ಒಂದೊಂದು ಗಂಟೆ ಓಡಿಸಿ ಸರಿಯಾದ ಗಡಿಯಾರಕ್ಕೆ ಹೋಲಿಸಿ. ಭಾರ ಹೆಚ್ಚಾದ ಮುಳ್ಳು ಮೇಲಕ್ಕೆ ಏರುವಾಗ ತಡವರಿಸುತ್ತದೆ.

ಮಾಡಬಾರದ್ದು

• ಗಾಜಿನ ಮೇಲೆ ಚುಕ್ಕಿ ಅಂಟಿಸಿ ಕೆಲಸ ಮುಗಿಯಿತೆನ್ನಬೇಡಿ. ಚುಕ್ಕಿ ಸಿಕ್ಕರೂ ಮುಳ್ಳು ಸಿಗುವುದಿಲ್ಲ.

• ಎರಡು ಮುಖಗಳಿಗೆ ಬೇರೆಬೇರೆ ಗುರುತು ಹಾಕಬೇಡಿ. ಬಣ್ಣ ಬದಲಾದಾಗ, ಕೂರುವ ಕಡೆ ಬದಲಾದಾಗ ಲೆಕ್ಕ ತಪ್ಪುತ್ತದೆ.

• ಫ್ಲ್ಯಾಗ್‌ಗೆ ಬಣ್ಣ, ಅಂಟು, ದಾರ ಏನನ್ನೂ ಸೇರಿಸಬೇಡಿ. ಅದು ತಡವಾಗಿ ಬಿದ್ದರೂ ಬೇಗ ಬಿದ್ದರೂ ಪಂದ್ಯದ ಫಲಿತಾಂಶವೇ ಬದಲಾಗುತ್ತದೆ.

• ಮುಳ್ಳನ್ನು ಒತ್ತಿ ಮುಟ್ಟಲು ಕಲಿಸಬೇಡಿ. ಸವರುವುದನ್ನು ಅಭ್ಯಾಸದ ಆಟಗಳಲ್ಲೇ ಕಲಿಸಿ, ಟೂರ್ನಮೆಂಟಿನ ದಿನ ಅಲ್ಲ.

ಮೂರು: ಮೊಬೈಲು ಮತ್ತು ಕಂಪ್ಯೂಟರಿನ ಗಡಿಯಾರ

ಮೊಬೈಲಿನಲ್ಲಿ ಚೆಸ್ ಗಡಿಯಾರದ ಆಪ್‌ಗಳು ಪುಕ್ಕಟೆಯಾಗಿ ಬೇಕಾದಷ್ಟಿವೆ. ಆದರೆ ಪರದೆಯನ್ನು ಎರಡು ಭಾಗ ಮಾಡಿ ದೊಡ್ಡ ಅಂಕಿ ತೋರಿಸುವುದಷ್ಟೇ ಹಲವು ಆಪ್‌ಗಳ ಕೆಲಸ. ಸ್ಕ್ರೀನ್ ರೀಡರ್ ಹಾಕಿದಾಗ ತೊಡಕು ಗೊತ್ತಾಗುತ್ತದೆ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಎರಡರಲ್ಲೂ ಒಮ್ಮೆ ಮುಟ್ಟಿದರೆ ಅಲ್ಲೇನಿದೆ ಎಂದು ಓದುತ್ತದೆ. ಕೆಲಸ ಆಗಬೇಕಾದರೆ ಎರಡು ಸಲ ತಟ್ಟಬೇಕು. ಒಂದೇ ಫೋನನ್ನು ಇಬ್ಬರ ನಡುವೆ ಇಟ್ಟಾಗ ಕಣ್ಣಿರುವ ಎದುರಾಳಿ ರೂಢಿಯಂತೆ ಒಂದು ಸಲ ತಟ್ಟುತ್ತಾನೆ. ಗಡಿಯಾರ ಬದಲಾಗುವುದಿಲ್ಲ, ಅವನ ಸಮಯ ಓಡುತ್ತಲೇ ಇರುತ್ತದೆ, ಜಗಳ ಹತ್ತುತ್ತದೆ.

ಮಾಡಬೇಕಾದ್ದು

• ಸ್ಕ್ರೀನ್ ರೀಡರ್ ಹಾಕಿದ ಮೇಲೂ ಎರಡು ಭಾಗಗಳಿಗೂ ಬೇರೆಬೇರೆ ಹೆಸರು ಕೇಳಿಸುವ, ಉಳಿದ ಸಮಯವನ್ನು ನಿಮಿಷ–ಸೆಕೆಂಡುಗಳಲ್ಲಿ ಓದುವ ಆಪನ್ನೇ ಉಳಿಸಿಕೊಳ್ಳಿ. "ಬಟನ್, ಬಟನ್" ಎಂದಷ್ಟೇ ಹೇಳುವುದನ್ನು ಅಲ್ಲೇ ಅಳಿಸಿಹಾಕಿ.

• ಆಗುವುದಾದರೆ ಲ್ಯಾಪ್‌ಟಾಪ್ ಬಳಸಿ. ಕೀಲಿ ಒತ್ತಿದರೆ ಸರದಿ ಬದಲಾಗುವ, ಬೇರೊಂದು ಕೀಲಿಗೆ ಸಮಯ ಹೇಳುವ ಏರ್ಪಾಡು ಪರದೆ ತಟ್ಟುವುದಕ್ಕಿಂತ ಎಷ್ಟೋ ಮೇಲು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ.

• ಆಟಕ್ಕೆ ಮುಂಚೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಪರದೆ ತಾನಾಗಿ ಆರಿಹೋಗದಂತೆ ಸೆಟ್ ಮಾಡಿ, ಚಾರ್ಜ್ ಪೂರ್ತಿ ಇರಲಿ.

• ತಂತಿಯ ಇಯರ್‌ಫೋನ್ ಒಂದು ಕಿವಿಗೆ ಮಾತ್ರ ಹಾಕಿಸಿ. ಇನ್ನೊಂದು ಕಿವಿ ಎದುರಾಳಿ ಹೇಳುವ ನಡೆಗೆ ಬೇಕು. ಬ್ಲೂಟೂತ್‌ನಲ್ಲಿ ದನಿ ಕೊಂಚ ತಡವಾಗಿ ಬರುತ್ತದೆ. ಕೊನೆಯ ನಿಮಿಷದಲ್ಲಿ ಆ ತಡವೂ ಸೋಲಿಗೆ ಸಾಕು.

• ಆನ್‌ಲೈನ್ ಅಭ್ಯಾಸಕ್ಕೆ ಲಿಚೆಸ್ ಬಳಸಿ. ಅದು ಉಚಿತ, ಜಾಹೀರಾತು ಇಲ್ಲ, ಸ್ಕ್ರೀನ್ ರೀಡರ್‌ನವರಿಗೆಂದೇ ಬ್ಲೈಂಡ್ ಮೋಡ್ ಇದೆ. ಅದನ್ನು ಹಾಕಿಕೊಂಡರೆ ನಡೆಯನ್ನು ಟೈಪ್ ಮಾಡಿ ಆಡಬಹುದು. ಗಡಿಯಾರ ಓದುವ ಆದೇಶ ಟೈಪ್ ಮಾಡಿದರೆ ಸಮಯ ಕೇಳುತ್ತದೆ. ಮಗುವಿಗೆ ಮೊದಲ ದಿನ ಕಲಿಸಬೇಕಾದ್ದು ಆ ಆದೇಶವನ್ನೇ.

ಮಾಡಬಾರದ್ದು

• ಆರ್ಬಿಟರ್ ಒಪ್ಪಿಗೆಯಿಲ್ಲದೆ ಫೋನನ್ನು ಆಟದ ಹಾಲ್‌ಗೆ ತರಬೇಡಿ. ಒಪ್ಪಿಗೆಯಿಲ್ಲದ ಎಲೆಕ್ಟ್ರಾನಿಕ್ ಸಾಧನ ಫಿಡೆ ನಿಯಮದಲ್ಲಿ ನಿಷಿದ್ಧ, ಆಟವನ್ನೇ ಕಳೆದುಕೊಳ್ಳಬೇಕಾಗುತ್ತದೆ. ಅಂಧ ಆಟಗಾರನ ಫೋನ್ ಎಂಬ ಕಾರಣಕ್ಕೆ ತಾನಾಗಿ ರಿಯಾಯಿತಿ ಸಿಗುವುದಿಲ್ಲ. ಮೊದಲೇ ಬರೆದು ಕೇಳಿ, ಬರೆದೇ ಪಡೆಯಿರಿ.

• ಸ್ಪೀಕರ್‌ನಲ್ಲಿ ಸಮಯ ಕೂಗಿಸಬೇಡಿ. ಅಕ್ಕಪಕ್ಕದ ಬೋರ್ಡಿನವರಿಗೂ ತೊಂದರೆ, ಎದುರಾಳಿಗೂ ಎಲ್ಲ ತಿಳಿಯುತ್ತದೆ.

• ಹತ್ತು ಸೆಕೆಂಡಿಗೊಮ್ಮೆ ತಾನಾಗಿ ಸಮಯ ಹೇಳುವ ಸೆಟ್ಟಿಂಗ್ ಇಡಬೇಡಿ. ಇಡೀ ಬೋರ್ಡನ್ನು ತಲೆಯಲ್ಲಿ ಹಿಡಿದು ಆಡುತ್ತಿರುವವರ ಯೋಚನೆಗೆ ಅದು ಅಡ್ಡ ಬರುತ್ತದೆ.

• ಆಪ್ ಹಾಕಿಕೊಟ್ಟೆವು ಎಂದು ಕೈತೊಳೆದುಕೊಳ್ಳಬೇಡಿ. ಹೊಸ ಆವೃತ್ತಿ ಬಂದಾಗ ಚೆನ್ನಾಗಿದ್ದ ಆಪೂ ಮೂಕವಾಗಬಹುದು. ಟೂರ್ನಮೆಂಟಿನ ಹಿಂದಿನ ದಿನ ಇನ್ನೊಮ್ಮೆ ಆಡಿಸಿ ನೋಡಿ.

ನಾಲ್ಕು: ಸಮಯದ ಮಿತಿ ಗೊತ್ತುಮಾಡುವಾಗ

ಮಾಡಬೇಕಾದ್ದು

• ನಡೆಗೊಮ್ಮೆ ಕೆಲವು ಸೆಕೆಂಡು ಸೇರುವ ಇನ್‌ಕ್ರಿಮೆಂಟ್ ಇರುವ ಮಿತಿಯನ್ನೇ ಇಡಿ. ಅಂಧ ಆಟಗಾರ ಬೋರ್ಡು ತಡವಬೇಕು, ಕಾಯಿಯನ್ನು ತೂತಿಗೆ ಕೂರಿಸಬೇಕು, ನಡೆಯನ್ನು ಬಾಯಲ್ಲಿ ಹೇಳಬೇಕು. ಎದುರಾಳಿಯ ಗಡಿಯಾರ ಓಡುವುದು ಇಷ್ಟೆಲ್ಲ ಆದ ಮೇಲೆ. ಇವಕ್ಕೆ ಹಿಡಿಯುವ ಸಮಯವೆಲ್ಲ ಅವನ ಲೆಕ್ಕಕ್ಕೇ ಹೋಗುತ್ತದೆ.

• ಮುಳ್ಳಿನ ಗಡಿಯಾರದಲ್ಲಿ ಇನ್‌ಕ್ರಿಮೆಂಟ್ ಆಗುವುದಿಲ್ಲ. ಆ ಬೋರ್ಡಿನಲ್ಲಿ ಇಬ್ಬರಿಗೂ 60 ನಡೆಯ ಲೆಕ್ಕ ಹಾಕಿ ಒಟ್ಟು ಸಮಯ ಕೊಡಿ. 15 ನಿಮಿಷ ಮತ್ತು ನಡೆಗೆ 10 ಸೆಕೆಂಡು ಎಂದಿದ್ದರೆ 25 ನಿಮಿಷ. 90 ನಿಮಿಷ ಮತ್ತು 30 ಸೆಕೆಂಡು ಎಂದಿದ್ದರೆ ಎರಡು ಗಂಟೆ. ರ‍್ಯಾಪಿಡ್, ಬ್ಲಿಟ್ಜ್ ಎಂದು ವಿಂಗಡಿಸಲು ಫಿಡೆ ಬಳಸುವುದೂ ಇದೇ 60 ನಡೆಯ ಲೆಕ್ಕವನ್ನು.

• ಈ ಬದಲಾವಣೆಯನ್ನು ಮೊದಲ ಸುತ್ತಿಗೆ ಮುಂಚೆ ಎಲ್ಲರೆದುರು ಹೇಳಿ. ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಅಂಧರ ಆಟದ ನಿಯಮಗಳನ್ನು ಹೊಂದಿಸುವ ಅಧಿಕಾರ ಆರ್ಬಿಟರ್‌ಗೆ ಇದೆ.

ಮಾಡಬಾರದ್ದು

• ಅಂಧ ಆಟಗಾರರಿಗೆ ಸಮಯವನ್ನೇ ಲೆಕ್ಕಿಸದೆ "ನಿಧಾನಕ್ಕೆ ಆಡಪ್ಪ, ಪರವಾಗಿಲ್ಲ" ಎನ್ನಬೇಡಿ. ಅದು ಪ್ರೀತಿಯ ಮಾತಾದರೂ ಆಟಗಾರನೆಂದು ಒಪ್ಪದ ಮಾತು. ಗಡಿಯಾರವಿಲ್ಲದೆ ಗೆದ್ದ ಆಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

• ಆಟದ ನಡುವೆ ಮಿತಿ ಬದಲಿಸಬೇಡಿ.

ಐದು: ಹಾಲ್‌ನಲ್ಲಿ

ಮಾಡಬೇಕಾದ್ದು

• ಅಂಧ ಆಟಗಾರರ ಬೋರ್ಡನ್ನು ಗೋಡೆಯ ಬದಿಗೆ, ಬಾಗಿಲಿನಿಂದ ದೂರ ಹಾಕಿ. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಸದ್ದು ನಿಲ್ಲುವುದೇ ಇಲ್ಲ, ಹಬ್ಬದ ದಿನಗಳಲ್ಲಿ ಮೈಕ್‌ಸೆಟ್ ಇರುತ್ತದೆ. ದಿನಾಂಕ ಗೊತ್ತುಮಾಡುವಾಗಲೇ ಇದನ್ನು ಯೋಚಿಸಿ.

• ಎರಡು ಬೋರ್ಡು ಹಿಡಿಸುವಷ್ಟು ದೊಡ್ಡ ಮೇಜು ಕೊಡಿ: ಅಂಧ ಆಟಗಾರನಿಗೆ ತೂತಿನದು, ಎದುರಾಳಿಗೆ ಸಾಮಾನ್ಯದ್ದು. ಗಡಿಯಾರ ಅಂಧ ಆಟಗಾರನ ಕೈಗೆ ನೀಟಾಗಿ ಸಿಗುವ ಕಡೆ ಇರಲಿ, ಅಲುಗಾಡದಂತೆ ಅಡಿಗೆ ರಬ್ಬರ್ ಹಾಸಿ.

• ಆಟ ಶುರುವಾಗುವ ಮುಂಚೆ ಅವರು ಗಡಿಯಾರವನ್ನು ಕೈಯಲ್ಲಿ ಹಿಡಿದು ನೋಡಲು ಬಿಡಿ. ಬಿಳಿ ಯಾವ ಕಡೆ, ಕಪ್ಪು ಯಾವ ಕಡೆ, ಯಾವ ಗುಂಡಿ ಏನು ಎಂಬುದನ್ನು ಆರ್ಬಿಟರ್ ಖುದ್ದಾಗಿ ಹೇಳಬೇಕು.

• ಬದಲಿ ಗಡಿಯಾರ, ಬ್ಯಾಟರಿ, ಇನ್ನೊಂದು ಇಯರ್‌ಫೋನ್ ಆರ್ಬಿಟರ್ ಮೇಜಿನ ಮೇಲೆ ಸಿದ್ಧವಿರಲಿ.

ಮಾಡಬಾರದ್ದು

• ಸುತ್ತು ಶುರುವಾದ ಮೇಲೆ ಗಡಿಯಾರವನ್ನು ಸರಿಸಬೇಡಿ, ತಿರುಗಿಸಬೇಡಿ. ಅವರ ಕೈಗೆ ಗೊತ್ತಿದ್ದ ಜಾಗ ತಪ್ಪುತ್ತದೆ.

• ಹೊಳೆಯುವ ಟ್ಯೂಬ್‌ಲೈಟ್ ನೇರವಾಗಿ ಬೀಳುವ ಜಾಗದಲ್ಲಿ ಅಲ್ಪದೃಷ್ಟಿಯವರ ಡಿಜಿಟಲ್ ಗಡಿಯಾರ ಇಡಬೇಡಿ. ಗಾಜಿನ ಹೊಳಪಿನಲ್ಲಿ ಅಂಕಿ ಮುಚ್ಚಿಹೋಗುತ್ತದೆ.

ಆರು: ಸಹಾಯಕರಾಗಿ ಕೂರುವವರು

ಅಂಧ ಆಟಗಾರನಿಗೆ ಸಹಾಯಕನನ್ನು ಇಟ್ಟುಕೊಳ್ಳುವ ಹಕ್ಕಿದೆ. ಅಕ್ಕನೋ ಅಣ್ಣನೋ ಮೇಷ್ಟ್ರೋ ಯಾರೇ ಕೂತರೂ ಅವರ ಕೆಲಸಕ್ಕೆ ಗಡಿ ಇದೆ.

ಮಾಡಬೇಕಾದ್ದು

• ಆಟಗಾರ ಕೇಳಿದಾಗ ಇಬ್ಬರ ಸಮಯವನ್ನೂ, ಎಷ್ಟು ನಡೆ ಆಯಿತೆಂಬುದನ್ನೂ ಹೇಳಿ. ಅಂಕಿ ಮಾತ್ರ ಹೇಳಿ: "ನಿಮ್ಮದು ಏಳು ನಿಮಿಷ, ಅವರದು ಹನ್ನೊಂದು."

• ಕೇಳುವುದಕ್ಕೆ ಮಾತಿಲ್ಲದ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ, ಅದನ್ನು ಆರ್ಬಿಟರ್‌ಗೆ ಮೊದಲೇ ತಿಳಿಸಿ. ಉತ್ತರವನ್ನು ಆಟಗಾರನಿಗಷ್ಟೇ ಕೇಳುವಂತೆ ಕೊಡಿ.

• ನಡೆಯನ್ನು ಬೋರ್ಡಿನಲ್ಲಿ ಆಡಿ, ಬಾಯಲ್ಲಿ ಹೇಳಿದ ಮೇಲೆಯೇ ಎದುರಾಳಿಯ ಗಡಿಯಾರ ಓಡಿಸಿ. ಎದುರಾಳಿಯ ಸಮಯ ಮುಗಿದರೆ ಅದನ್ನು ಎತ್ತಿ ಹೇಳುವ ಅಧಿಕಾರ ನಿಮಗಿದೆ. ತಪ್ಪದೆ ಬಳಸಿ.

ಮಾಡಬಾರದ್ದು

• ಕೇಳದೆ ಸಮಯ ಹೇಳಬೇಡಿ. "ಬೇಗ ಆಡು" ಎನ್ನಬೇಡಿ, ಕೆಮ್ಮಬೇಡಿ, ಕುರ್ಚಿ ಎಳೆಯಬೇಡಿ. ನಿಯಮದಲ್ಲಿ ಬರೆದಿರುವುದೇ ಆಟಗಾರ ಕೇಳಿದಾಗ ಮಾತ್ರ ಎಂದು.

• "ಇನ್ನೂ ಬೇಕಾದಷ್ಟಿದೆ", "ಸ್ವಲ್ಪವೇ ಇದೆ" ಎಂಬ ಅಂದಾಜು ಉತ್ತರ ಕೊಡಬೇಡಿ. ಮೂರು ನಿಮಿಷ ಒಬ್ಬರಿಗೆ ಬೇಕಾದಷ್ಟು, ಇನ್ನೊಬ್ಬರಿಗೆ ಏನೂ ಅಲ್ಲ.

• ಸಹಾಯಕರಿದ್ದಾರೆ ಎಂಬ ನೆಪದಲ್ಲಿ ಗಡಿಯಾರ ಒದಗಿಸದೆ ಬಿಡಬೇಡಿ. ಇದು ಸಂಘಟಕರಿಗೆ ಹೇಳುತ್ತಿರುವ ಮಾತು. ಸಹಾಯಕ ಬೇಕೇ ಬೇಡವೇ ಎಂಬುದು ಆಟಗಾರನ ಇಷ್ಟ. ಗಡಿಯಾರ ಮಾತ್ರ ಇರಲೇಬೇಕು.

ಏಳು: ಎದುರು ಕೂರುವ ಕಣ್ಣಿರುವ ಆಟಗಾರರು

ಮಾಡಬೇಕಾದ್ದು

• ನಿಮ್ಮ ನಡೆಯನ್ನು ಸ್ಪಷ್ಟವಾಗಿ ಹೇಳಿ, ಆಮೇಲೆ ಗಡಿಯಾರ ಒತ್ತಿ. ಅವರು ಹೇಳಿದ ನಡೆಯನ್ನು ತಿರುಗಿ ಹೇಳಿ, ನಿಮ್ಮ ಬೋರ್ಡಿನಲ್ಲಿ ಆಡಿ.

• ಬಿ, ಡಿ, ಇ, ಜಿ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ಇದಕ್ಕೆಂದೇ ಅಂಕಣಗಳಿಗೆ ಹೆಸರು ಗೊತ್ತಾಗಿವೆ: ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ಈ ಎಂಟನ್ನು ಬಾಯಿಪಾಠ ಮಾಡಿಕೊಂಡು ಬನ್ನಿ. "ಏನಂದ್ರಿ?" ಎಂದು ಇನ್ನೊಮ್ಮೆ ಕೇಳಿದಷ್ಟು ಸಲವೂ ಒಬ್ಬರ ಸಮಯ ಹೋಗುತ್ತದೆ.

ಮಾಡಬಾರದ್ದು

• ನಡೆ ಹೇಳದೆ ಗಡಿಯಾರ ಒತ್ತಬೇಡಿ. ಏನು ಆಡಿದಿರೆಂದೇ ತಿಳಿಯದವರ ಸಮಯ ಕರಗಿಸುವುದು ಆಟವಲ್ಲ.

• ಅವರು ಮುಳ್ಳು ಸವರುವಾಗ, ಇಯರ್‌ಫೋನಿನಲ್ಲಿ ಕೇಳುವಾಗ ಗಡಿಯಾರಕ್ಕೆ ಕೈ ಹಾಕಬೇಡಿ.

• ಅವರು ಬೋರ್ಡಿನ ಮೇಲೆ ಕೈಯಾಡಿಸಿದ್ದನ್ನು ಕಾಯಿ ಮುಟ್ಟಿದ ತಪ್ಪೆಂದು ದೂರಬೇಡಿ. ತೂತಿನಿಂದ ಹೊರಗೆ ತೆಗೆದರಷ್ಟೇ ಮುಟ್ಟಿದಂತೆ.

ಎಂಟು: ಅಂಧ ಆಟಗಾರರಿಗೆ

ಮಾಡಬೇಕಾದ್ದು

• ಗಡಿಯಾರವನ್ನು ಬೋರ್ಡಿನಷ್ಟೇ ಅಭ್ಯಾಸ ಮಾಡಿ. ಐದು ನಡೆಗೊಮ್ಮೆ ಸಮಯ ನೋಡುವ ರೂಢಿ ಬೆಳೆಸಿಕೊಳ್ಳಿ. ಭಯವಾದಾಗ ಮಾತ್ರ ನೋಡಿದರೆ ಆ ಭಯ ಎದುರಾಳಿಗೂ ಕಾಣುತ್ತದೆ. ರೂಢಿಯಿಂದ ನೋಡಿದರೆ ಏನೂ ಕಾಣುವುದಿಲ್ಲ.

• ಬ್ರೈಲ್‌ನಲ್ಲೋ ರೆಕಾರ್ಡರ್‌ನಲ್ಲೋ ನಡೆಗಳನ್ನು ಬಿಡದೆ ಬರೆದಿಡಿ. ಎರಡು ಬೋರ್ಡುಗಳಲ್ಲಿ ಸ್ಥಿತಿ ಬೇರೆಯಾದರೆ ಇಬ್ಬರ ಬರಹ ಹೊಂದುವ ನಡೆಗೆ ಹಿಂದಿರುಗಿ ಆರ್ಬಿಟರ್ ಗಡಿಯಾರ ಸರಿಪಡಿಸಬೇಕಾಗುತ್ತದೆ. ಬರಹವಿಲ್ಲದಿದ್ದರೆ ನಿಮ್ಮ ನಿಮಿಷಗಳಿಗೆ ಸಾಕ್ಷಿಯಿಲ್ಲ.

• ನಾಲಗೆ ತಪ್ಪಿ ಬೇರೆ ನಡೆ ಹೇಳಿದರೆ ಎದುರಾಳಿಯ ಗಡಿಯಾರ ಓಡುವ ಮುಂಚೆಯೇ ತಿದ್ದಿ. ಆಮೇಲೆ ಆಗುವುದಿಲ್ಲ.

• ಹೆಸರು ನೋಂದಾಯಿಸುವ ದಿನವೇ ನಿಮಗೆ ಯಾವ ಗಡಿಯಾರ ಬೇಕೆಂದು ಬರೆದು ಕೊಡಿ.

ಮಾಡಬಾರದ್ದು

• "ಇದ್ದುದರಲ್ಲಿ ಹೊಂದಿಕೊಳ್ತೀನಿ ಸರ್" ಎನ್ನಬೇಡಿ. ಇವತ್ತು ನೀವು ಹೊಂದಿಕೊಂಡರೆ ನಾಳೆ ಬರುವ ಮಗುವಿಗೂ ಅದೇ ಗತಿ.

• ಹೊಸ ಗಡಿಯಾರವನ್ನು ಮೊದಲ ಸಲ ಟೂರ್ನಮೆಂಟಿನಲ್ಲೇ ಬಳಸಬೇಡಿ.

ಒಂಬತ್ತು: ಹುಡುಕುವಾಗ, ಮಾಡಿಸುವಾಗ

ಮಾಡಬೇಕಾದ್ದು

• ಮುಂಬೈಯ ಚಾರುದತ್ತ ಜಾಧವ್ ಕಟ್ಟಿದ ಅಖಿಲ ಭಾರತ ಅಂಧರ ಚೆಸ್ ಫೆಡರೇಶನ್ನನ್ನು ಸಂಪರ್ಕಿಸಿ. ಅಂಧ ಆಟಗಾರರು ಈಗ ಏನು ಬಳಸುತ್ತಿದ್ದಾರೆ, ಅದು ಎಲ್ಲಿ ಸಿಗುತ್ತದೆ ಎಂದು ಕೇಳಬೇಕಾದ್ದು ಆಡುವವರನ್ನೇ. ಸ್ವತಃ ಅಂಧರಾದ ಜಾಧವ್ ಅಂಧರಿಗಾಗಿ ಟಾಕ್64 ಎಂಬ ಚೆಸ್ ತಂತ್ರಾಂಶವನ್ನೂ ರೂಪಿಸಿದವರು.

• ಮಂಡ್ಯದಿಂದ ರೈಲು ಹತ್ತಿದರೆ ಮೈಸೂರು. ಅಲ್ಲಿ 1901ರಲ್ಲಿ ಶುರುವಾದ ಅಂಧ ಮಕ್ಕಳ ಸರ್ಕಾರಿ ಶಾಲೆ ಇದೆ. ಉಬ್ಬು ಗುರುತು ಬೆರಳಿಗೆ ಹೇಗಿದ್ದರೆ ಸರಿ ಎಂಬುದನ್ನು ಬ್ರೈಲ್ ಕಲಿಸುವ ಮೇಷ್ಟ್ರುಗಳನ್ನು ಕೇಳಿ ತಿಳಿಯಿರಿ.

• ನಮ್ಮೂರಿನಲ್ಲೇ ಮಾಡಿಸಿ. ಮಂಡ್ಯದಲ್ಲಿ 1962ರಿಂದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿದೆ, ಪಾಲಿಟೆಕ್ನಿಕ್, ಐಟಿಐಗಳಿವೆ. ಒಂದು ಆರ್ಡುಯಿನೊ ಬೋರ್ಡು, ದನಿ ನುಡಿಸುವ ಒಂದು ಸಣ್ಣ ಎಂಪಿ3 ಮಾಡ್ಯೂಲ್, ಎರಡು ದೊಡ್ಡ ಒತ್ತುಗುಂಡಿ, ಸಮಯ ಕೇಳುವುದಕ್ಕೆ ಎರಡು ಚಿಕ್ಕ ಗುಂಡಿ, ಇಯರ್‌ಫೋನ್ ಜಾಕ್ ಇಷ್ಟಿದ್ದರೆ ಕನ್ನಡದಲ್ಲಿ ಸಮಯ ಹೇಳುವ ಚೆಸ್ ಗಡಿಯಾರ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಅಂಕಿಗಳನ್ನು ಒಳ್ಳೆಯ ದನಿಯಲ್ಲಿ ರೆಕಾರ್ಡ್ ಮಾಡಿ, ಚುಟುಕಾಗಿರಲಿ: "ನಾಲ್ಕು, ಇಪ್ಪತ್ತು" ಎಂದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ಮಾಡಬಾರದ್ದು

• ಪ್ರಾಜೆಕ್ಟ್ ಪ್ರದರ್ಶನ ಮುಗಿದ ಮೇಲೆ ಗಡಿಯಾರವನ್ನು ಕಾಲೇಜಿನ ಕಪಾಟಿನಲ್ಲಿ ಇಡಬೇಡಿ. ಶುರುವಿನಿಂದಲೇ ಒಬ್ಬ ಅಂಧ ಆಟಗಾರರನ್ನು ಜೊತೆಗೆ ಕೂರಿಸಿಕೊಳ್ಳಿ, ಮುಗಿದ ಮೇಲೆ ಅವರ ಕೈಗೇ ಕೊಡಿ.

• ಸ್ವಂತವಾಗಿ ಮಾಡಿದ ಗಡಿಯಾರವನ್ನು ಆರ್ಬಿಟರ್ ಪರೀಕ್ಷಿಸದೆ ರೇಟೆಡ್ ಪಂದ್ಯದಲ್ಲಿ ಇಡಬೇಡಿ.

ಟೂರ್ನಮೆಂಟ್ ನಡೆಸುವವರು ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಪ್ರವೇಶದ ಅರ್ಜಿಯಲ್ಲಿ ಹೆಸರು, ವಯಸ್ಸು, ರೇಟಿಂಗ್ ಆದ ಮೇಲೆ ಒಂದು ಸಾಲು ಸೇರಿಸಿ: "ನಿಮಗೆ ಯಾವ ಬಗೆಯ ಬೋರ್ಡು ಮತ್ತು ಗಡಿಯಾರ ಬೇಕು?" ಬಂದ ಉತ್ತರವನ್ನು ಮೊದಲ ಸುತ್ತಿಗೆ ಒಂದು ವಾರ ಮುಂಚೆ ಆರ್ಬಿಟರ್ ಕೈಗೆ ಕೊಡಿ. ಕೇಳಿದ ಗಡಿಯಾರ ಮೇಜಿನ ಮೇಲೆ ಬರುವವರೆಗೆ ಆ ಬೋರ್ಡಿನ ಆಟ ಶುರುಮಾಡಬೇಡಿ, ಎದುರಾಳಿಯ ಸಮಯವನ್ನೂ ಓಡಿಸಬೇಡಿ. ತಡವಾದರೆ ಆ ತಡದ ಹೊಣೆ ಸಂಘಟಕರದು, ಆಟಗಾರರದಲ್ಲ.